ಹಿಂದಿನ ಆಕ್ಸಲ್‌ನ ಆಚೆ

ಪಿಕಪ್ ಗಾಡಿಯನ್ನು ಮರುಭೂಮಿಯ ದೂರ ಪ್ರಯಾಣಕ್ಕೆ ಸಜ್ಜು ಮಾಡುವುದರಲ್ಲಿ ಆಸ್ಟ್ರೇಲಿಯಾದವರನ್ನು ಮೀರಿಸುವವರಿಲ್ಲ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಅವರ ಮಾದರಿಯ ಚಿತ್ರ ಎಲ್ಲರಿಗೂ ಬಾಯಿಪಾಠವಾಗಿದೆ: ಎರಡು ಸಾಲು ಸೀಟಿನ ಡಬಲ್ ಕ್ಯಾಬ್, ಮುಂದೆ ಉಕ್ಕಿನ ಬುಲ್ ಬಾರ್ ಮತ್ತು ವಿಂಚ್, ಹಿಂದಿನ ತೊಟ್ಟಿಗೆ ಫೈಬರ್ ಮುಚ್ಚಳ, ಅದರೊಳಗೆ ಎಳೆದು ತೆಗೆಯುವ ಡ್ರಾಯರುಗಳು, ಜಾರುವ ಹಲಗೆಯ ಮೇಲೆ ಫ್ರಿಜ್, ಹಿಂಬಂಪರಿನ ಕೈಯಲ್ಲಿ ಎರಡನೇ ಸ್ಟೆಪ್ನಿ, ಎಲ್ಲದರ ನೆತ್ತಿಯ ಮೇಲೆ ಮಡಚುವ ಟೆಂಟು. ಈ ಮಾದರಿಗೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು ಎಂದು ನನ್ನ ಖಚಿತ ಅಭಿಪ್ರಾಯ. ಸಂಜೆ ನಿಲ್ಲಿಸಿದ ಗಾಡಿಯ ಸುತ್ತ ಸುತ್ತಿ ನೋಡಿದರೆ ಇದು ನಿಜಕ್ಕೂ ಸೊಗಸಾದ ಕೆಲಸ. ಬೆಳಿಗ್ಗೆ ಅದೇ ಗಾಡಿ ಹೊರಟಾಗ ಏನಾಗುತ್ತದೆ ಎಂಬುದನ್ನು ಹೊಗಳುವವರು ಬರೆಯುವುದಿಲ್ಲ.

ಟಯರಿನ ಜಾತಿ, ಸ್ನಾರ್ಕೆಲ್‌ನ ಅಗತ್ಯ, ಲಿಥಿಯಂ ಬ್ಯಾಟರಿಯ ಲಾಭ ಇವೆಲ್ಲ ಬಲ್ಲವರಿಗೆ ಗೊತ್ತಿರುವ ಸಂಗತಿಗಳು, ಅವನ್ನು ಬದಿಗಿಡುತ್ತೇನೆ. ನನ್ನ ತಕರಾರು ಭಾರದ ಬಗ್ಗೆ. ಭಾರ ಎಷ್ಟು ಎನ್ನುವುದು ಮೊದಲನೆಯದು, ಎಲ್ಲಿ ಎನ್ನುವುದು ಅದಕ್ಕಿಂತ ಮುಖ್ಯವಾದ ಎರಡನೆಯದು.

ಆಸ್ಟ್ರೇಲಿಯಾದಲ್ಲಿ ಟೊಯೊಟಾ ಹೈಲಕ್ಸ್ ಎಸ್‌ಆರ್5 ಡಬಲ್ ಕ್ಯಾಬ್ ಗಾಡಿಯ ಒಟ್ಟು ತೂಕದ ಮಿತಿ 3,050 ಕಿಲೋ. ಖಾಲಿ ಗಾಡಿಯ ತೂಕ ಕಳೆದರೆ ಹೊರಲು ಉಳಿಯುವುದು ಸಾವಿರ ಕಿಲೋಗಿಂತ ತುಸು ಕಡಿಮೆ. ಇನ್ನು ಅಂದಾಜಿನ ಲೆಕ್ಕ ಹಾಕೋಣ. ಬುಲ್ ಬಾರ್ 60 ಕಿಲೋ, ವಿಂಚ್ 35, ಮುಚ್ಚಳ 70, ಡ್ರಾಯರುಗಳು 100, ಫ್ರಿಜ್ ಮತ್ತು ಅದರ ಹಲಗೆ 50, ಎರಡನೇ ಬ್ಯಾಟರಿ 30, ಛಾವಣಿಯ ಚೌಕಟ್ಟು 30, ಟೆಂಟು 65, ಹೆಚ್ಚುವರಿ ಸ್ಟೆಪ್ನಿ 40, ಹೂತ ಗಾಡಿ ಎಳೆಯುವ ಸಾಮಾನು 25. ಇವಿಷ್ಟೇ 505 ಕಿಲೋ ಆಯಿತು. ಮೇಲೆ 80 ಲೀಟರ್ ನೀರು, 60 ಲೀಟರ್ ಹೆಚ್ಚುವರಿ ಡೀಸೆಲ್ ಸೇರಿ ಇನ್ನೊಂದು 130. ನಾಲ್ಕು ಜನ ಕೂತರೆ 300. ಒಟ್ಟು 935 ಕಿಲೋ. ಅಕ್ಕಿ, ಬೇಳೆ, ಪಾತ್ರೆ, ಬಟ್ಟೆ, ಹಾಸಿಗೆ ಇನ್ನೂ ಮನೆಬಾಗಿಲಲ್ಲೇ ಇವೆ.

ಈ ಪಟ್ಟಿಯಲ್ಲಿ ನನ್ನನ್ನು ಕಾಡುವುದು ಮೊತ್ತವಲ್ಲ, ಅದರೊಳಗಿನ ಪಾಲು. ಪ್ರಯಾಣ ಸಾಗಿದಂತೆ ಕರಗುವ ಭಾರ 130 ಕಿಲೋ ಮಾತ್ರ. ಕರಗದೆ ಕೊನೆಯ ದಿನದವರೆಗೂ ಅಂಟಿಕೊಂಡಿರುವುದು 505. ನೀರನ್ನೂ ಎಣ್ಣೆಯನ್ನೂ ಹೊರಬೇಕಾದ ಗಾಡಿ ಅವನ್ನು ಇಡುವ ಪೆಟ್ಟಿಗೆಗಳನ್ನು ಹೊರುತ್ತಿದೆ.

ಈಗ ಜಾಗದ ಮಾತು. ಎರಡನೇ ಸ್ಟೆಪ್ನಿಯನ್ನೇ ನೋಡಿ, ಏಕೆಂದರೆ ಫೋಟೋಗಳಲ್ಲಿ ಅತ್ಯಂತ ಗಂಭೀರವಾಗಿ ಕಾಣುವ ವಸ್ತು ಅದೇ. ಹಿಂಬಂಪರಿನ ಕೈಗೆ ನೇತುಹಾಕಿದಾಗ ಅದು ಹಿಂದಿನ ಆಕ್ಸಲ್‌ನಿಂದ ಸುಮಾರು 1.3 ಮೀಟರ್ ಹಿಂದಕ್ಕೆ ನಿಲ್ಲುತ್ತದೆ. ಹೈಲಕ್ಸ್‌ನ ಎರಡು ಆಕ್ಸಲ್‌ಗಳ ನಡುವಿನ ದೂರ 3.085 ಮೀಟರ್. ಏತದ ಮರದಲ್ಲಿ ಹೇಗೋ ಇಲ್ಲಿಯೂ ಹಾಗೆ, ಒಂದು ತುದಿ ತಗ್ಗಿದರೆ ಇನ್ನೊಂದು ಏಳಲೇಬೇಕು. 40 ಕಿಲೋದ ಆ ಚಕ್ರ ಹಿಂದಿನ ಆಕ್ಸಲ್ ಮೇಲೆ 57 ಕಿಲೋ ಆಗಿ ಬೀಳುತ್ತದೆ, ಮುಂದಿನ ಆಕ್ಸಲ್‌ನಿಂದ 17 ಕಿಲೋ ಎತ್ತಿಬಿಡುತ್ತದೆ. ಸ್ಟಿಯರಿಂಗ್ ಮತ್ತು ಬ್ರೇಕಿಗೆ ಹಿಡಿತ ಕೊಡುವ ಚಕ್ರಗಳಿಂದ ಕದ್ದ ಭಾರ ಅದು. ಡಬಲ್ ಕ್ಯಾಬ್‌ನ ತೊಟ್ಟಿಯ ಹೆಚ್ಚಿನ ಭಾಗ ಆಕ್ಸಲ್‌ನ ಆಚೆಗೇ ಇರುವುದರಿಂದ ಡ್ರಾಯರಿನ ಹಿಂದಿನ ಅರ್ಧ, ಹಿಂಬಾಗಿಲ ಹತ್ತಿರ ಕೂರಿಸಿದ ಫ್ರಿಜ್ ಎಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಹಿಂಭಾಗ ಕುಸಿಯುವುದು ಕಣ್ಣಿಗೆ ಕಾಣುತ್ತದೆ. ಅದಕ್ಕೊಂದು ಮದ್ದು ಮಾರುಕಟ್ಟೆಯಲ್ಲಿದೆ: ಕಮಾನು ಪಟ್ಟೆಗೂ ಚಾಸಿಸ್‌ಗೂ ನಡುವೆ ತೂರಿಸುವ ರಬ್ಬರಿನ ಗಾಳಿಚೀಲ. ಚೀಲಕ್ಕೆ ಗಾಳಿ ತುಂಬಿದರೆ ಗಾಡಿ ಮತ್ತೆ ನೆಟ್ಟಗೆ ನಿಲ್ಲುತ್ತದೆ, ಮಾಲೀಕನಿಗೆ ಸಮಾಧಾನ. ಆದರೆ ಕಮಾನು ಪಟ್ಟೆ ತನ್ನ ಭಾರವನ್ನು ಚಾಸಿಸ್‌ಗೆ ಮುಟ್ಟಿಸುವುದು ಎರಡು ತುದಿಗಳಲ್ಲಿ. ಗಾಳಿಚೀಲ ಆ ಭಾರದ ದೊಡ್ಡ ಪಾಲನ್ನು ಎರಡು ತುದಿಗಳ ನಡುವಿನ ಒಂದೇ ಬಿಂದುವಿಗೆ ತಂದು ಒತ್ತುತ್ತದೆ. ಆ ಬಿಂದುವಿನ ಹಿಂದೆ ಸ್ಟೆಪ್ನಿ, ಡ್ರಾಯರು, ಎಷ್ಟೋ ಸಲ ಎಳೆಬಂಡಿಯ ಮೂಗಿನ ಭಾರ. ಇದರ ಮೇಲೆ ಒಣಮಣ್ಣಿನ ದಾರಿಗೆ ಅಡ್ಡಡ್ಡ ಬಿದ್ದ ಏಣುಗಳು ಗಂಟೆಗಟ್ಟಲೆ ಕುಟ್ಟುತ್ತವೆ. ಹಾಲ್ಸ್ ಕ್ರೀಕ್‌ನಿಂದ ವಿಲೂನಾವರೆಗಿನ ಸುಮಾರು 1,850 ಕಿಲೋಮೀಟರಿನ ಕ್ಯಾನಿಂಗ್ ಸ್ಟಾಕ್ ರೂಟ್‌ನಂಥ ದಾರಿಯಲ್ಲಿ ಇದು ದಿನಗಟ್ಟಲೆ ನಡೆಯುವ ಕುಟ್ಟಾಟ. ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಸಂದು ಮೇಲೆ ಅಗಲವಾಗಿ ಕೆಳಗೆ ಕಿರಿದಾದರೆ ಚಾಸಿಸ್ ಬಾಗಿದೆ ಎಂದು ತಿಳಿಯಬೇಕು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಹೀಗೆ ಬೆನ್ನು ಮುರಿದುಕೊಂಡ ಡಬಲ್ ಕ್ಯಾಬ್‌ಗಳು ಅಪರೂಪವಲ್ಲ. ದೋಷವನ್ನು ಗಾಡಿಯ ಕಂಪನಿಯ ತಲೆಗೆ ಕಟ್ಟುವ ಬರಹಗಳನ್ನೂ ಓದಿದ್ದೇನೆ. ಚೌಕಟ್ಟು ಮುರಿಯುವಂತೆ ಭಾರ ಜೋಡಿಸಿದವನ ಹೆಸರು ಅವುಗಳಲ್ಲಿ ಬರುವುದೇ ಇಲ್ಲ.

ಟೆಂಟಿನ ವಿಷಯ ಬೇಗ ಮುಗಿಸಬಹುದು. ನಿಂತಾಗ ಛಾವಣಿ ತಾಳುವ ಭಾರ ಬೇರೆ, ಓಡುವಾಗ ತಾಳುವುದು ಬೇರೆ. ಮಾರುವವರು ಮೊದಲನೆಯದನ್ನು ದಪ್ಪ ಅಕ್ಷರದಲ್ಲಿ ಹೇಳುತ್ತಾರೆ. ನೆಲಕ್ಕಿಂತ ಎರಡು ಮೀಟರ್ ಎತ್ತರದಲ್ಲಿ ಟೆಂಟಿನ ಪಕ್ಕದಲ್ಲೇ ಡೀಸೆಲ್ ಕ್ಯಾನು, ಸಲಿಕೆ, ನೆರಳಿನ ಬಟ್ಟೆಯೂ ಸೇರಿದರೆ ಮರಳುದಿಬ್ಬದ ಓರೆ ಇಳಿಜಾರಿನಲ್ಲಿ ಚಾಲಕನ ಕೈ ನಡುಗುವುದು ಸಹಜ. ಹಾವು, ಕೆಸರಿನ ಭಯವಿದ್ದಲ್ಲಿ ಎತ್ತರದ ಮಲಗುವ ಜಾಗ ನೆಮ್ಮದಿ ಕೊಡುತ್ತದೆ, ಒಪ್ಪುತ್ತೇನೆ. ಆದರೆ ರಾತ್ರಿಯ ನೆಮ್ಮದಿಗೆ ಹಗಲಿಡೀ ತೆರಬೇಕಾದ ಬೆಲೆ ದೊಡ್ಡದು.

ಇಲ್ಲಿ ನನ್ನ ಜೊತೆ ನಿಲ್ಲಬೇಕಾದ ವಿಮರ್ಶಕರೇ ನನ್ನನ್ನು ಹೆಚ್ಚು ನಿರಾಶೆಗೊಳಿಸಿದ್ದಾರೆ. ಸರಳತೆಯ ಪಕ್ಷದವರು ಅವರು. ಹಿಂದಿನವರು ಏನೂ ಇಲ್ಲದೆ ಮರುಭೂಮಿ ದಾಟಿದರು, ನೀವೂ ಕಂಬಳಿ ಹೊದ್ದು ಹೊರಡಿ ಎನ್ನುವುದು ಅವರ ವಾದ. ರಾಲ್ಫ್ ಬ್ಯಾಗ್ನಾಲ್ಡ್‌ನ ಹೆಸರು ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಬ್ಯಾಗ್ನಾಲ್ಡ್‌ನನ್ನು ಇದಕ್ಕಿಂತ ತಪ್ಪಾಗಿ ಓದಲು ಸಾಧ್ಯವಿಲ್ಲ. 1929ರಿಂದ ಫೋರ್ಡ್ ಮಾಡೆಲ್ ಎ ಗಾಡಿಗಳಲ್ಲಿ ಲಿಬಿಯಾ ಮರುಭೂಮಿ ಸುತ್ತಿದ ಆತ ಸಂನ್ಯಾಸಿಯಾಗಿರಲಿಲ್ಲ, ಎಂಜಿನಿಯರ್ ಆಗಿದ್ದ. ರೇಡಿಯೇಟರಿನಿಂದ ಹಾರುವ ಆವಿಯನ್ನು ಕೊಳವೆಯಲ್ಲಿ ನೀರಿನ ಡಬ್ಬಿಗೆ ಇಳಿಸಿ, ಎಂಜಿನ್ ತಣಿದಾಗ ಆ ನೀರು ತಾನಾಗಿ ಹಿಂದಕ್ಕೆ ಹೀರಿಕೊಳ್ಳುವಂತೆ ಮಾಡಿದ. ಮರಳಲ್ಲಿ ಟಯರಿನ ಗಾಳಿ ಇಳಿಸಿದ. ಹೂತ ಚಕ್ರದಡಿ ಕೊಡಲು ಕೈರೋದ ಗುಜರಿಯಲ್ಲಿ ಉಕ್ಕಿನ ಕಾಲುವೆಪಟ್ಟಿಗಳನ್ನು ಕೊಂಡ. ಪ್ರತಿಯೊಂದು ವಸ್ತುವೂ ನೀರನ್ನೋ ಪೆಟ್ರೋಲನ್ನೋ ಉಳಿಸಿ ತನ್ನ ತೂಕದ ಬಾಡಿಗೆ ತೀರಿಸುತ್ತಿತ್ತು.

1940ರಲ್ಲಿ ಆತ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್‌ನ ಷೆವ್ರೊಲೆಟ್ ಟ್ರಕ್ಕುಗಳಲ್ಲಿ ಬಾಗಿಲಿರಲಿಲ್ಲ. ನಡುವೆ ಬಂದ ನಾಲ್ಕು ಚಕ್ರ ಚಾಲನೆಯ ಫೋರ್ಡ್ ಎಫ್30 ಭಾರವೂ ಆಗಿ ಪೆಟ್ರೋಲನ್ನೂ ಹೆಚ್ಚು ಕುಡಿದಾಗ, 1942ರಲ್ಲಿ ಎರಡೇ ಚಕ್ರ ಎಳೆಯುವ ಷೆವ್ರೊಲೆಟ್‌ಗೆ ಮರಳಿದರು. ಎದುರು ಪಕ್ಷದವರು ಕೇಳಬಹುದು: ಅವರೂ ಮಿತಿ ಮೀರಿ ಹೇರುತ್ತಿರಲಿಲ್ಲವೇ, ಪಟ್ಟೆಗಳನ್ನು ಸೇರಿಸುತ್ತಿರಲಿಲ್ಲವೇ? ಹೌದು, ಪಟ್ಟೆಗಳು ಮುರಿಯುತ್ತಲೂ ಇದ್ದವು. ಆದರೆ ಹೇರಿದ್ದರಲ್ಲಿ ಹೆಚ್ಚಿನದು ಪೆಟ್ರೋಲು, ನೀರು, ಆಹಾರ, ಮದ್ದುಗುಂಡು. ದಿನ ಕಳೆದಂತೆ ಗಾಡಿ ಹಗುರಾಗುತ್ತಿತ್ತು. ಸರಳತೆಯವರು ನೋಡಬೇಕಾದ ಪಾಠ ಇದು. ಅವರು ಕಂಬಳಿಯನ್ನು ಮಾತ್ರ ನೋಡುತ್ತಾರೆ. ಹೀಗಾಗಿ ಉಪಕರಣ ವಿಮರ್ಶಕರು ಅವರನ್ನು ಸುಲಭವಾಗಿ ತಳ್ಳಿಹಾಕಿ, 'ಇರಲಿ, ಬೇಕಾಗಬಹುದು' ಎನ್ನುತ್ತ ಇನ್ನೊಂದು ಪೆಟ್ಟಿಗೆಯನ್ನು ಹೊಗಳಲು ಕೂರುತ್ತಾರೆ. ಡ್ರಾಯರಿನ ಬೇರಿಂಗ್ ಎಷ್ಟು ನುಣುಪು ಎಂದು ಪುಟಗಟ್ಟಲೆ ಬರೆಯುವ ಈ ಮಂದಿ, ತುಂಬಿದ ಗಾಡಿಯನ್ನು ವೇ ಬ್ರಿಡ್ಜ್‌ಗೆ ಹತ್ತಿಸಿ ಮುಂದಿನ ಆಕ್ಸಲ್ ಇಷ್ಟು, ಹಿಂದಿನದು ಇಷ್ಟು ಎಂದು ಎರಡು ಅಂಕಿ ಬರೆದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಗಟ್ಟಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಕಾನೂನಿನ ಮಿತಿ ಏರುವುದಿಲ್ಲ ಎಂಬ ಪ್ರಾಥಮಿಕ ಸಂಗತಿಯನ್ನೂ ಅವರ ಓದುಗರು ಬೇರೆ ಕಡೆಯಿಂದ ಕಲಿಯಬೇಕಾಗಿದೆ.

ಹೊಗಳಿಕೆ ಸಿಗಬೇಕಾಗಿದ್ದದ್ದು ಒಂದೇ ಸಾಲು ಸೀಟಿನ, ಬಯಲು ಹಲಗೆಯ ಗಾಡಿಗೆ. ಅಲ್ಲಿನ ರೈತರೂ ಗಣಿ ಕೆಲಸದವರೂ ಓಡಿಸುವುದು ಅಂಥದ್ದನ್ನೇ. ಉದ್ದ ಹಲಗೆಯ ಮುಂಭಾಗ ಆಕ್ಸಲ್‌ಗಿಂತ ಬಹಳ ಮುಂದಕ್ಕೆ ಚಾಚಿರುವುದರಿಂದ ನೀರಿನ ಟ್ಯಾಂಕನ್ನು ಕ್ಯಾಬಿನ್ನಿನ ಬೆನ್ನಿಗೆ ತಾಗಿಸಿಟ್ಟರೆ ಭಾರ ಎರಡೂ ಆಕ್ಸಲ್‌ಗೆ ಹಂಚಿಹೋಗುತ್ತದೆ. ಮೇಲೊಂದು ಟಾರ್ಪಾಲು, ಹಗ್ಗ, ಟಯರಿಗೆ ಗಾಳಿ ತುಂಬುವ ಒಳ್ಳೆಯ ಪಂಪು, ಮರಳಲ್ಲಿ 16–18 ಪಿಎಸ್‌ಐಗೆ ಇಳಿಸುವ ತಾಳ್ಮೆ. ಫೋಟೋದಲ್ಲಿ ಇದು ಚಂದ ಕಾಣದು, ಆದ್ದರಿಂದ ಇದರ ಬಗ್ಗೆ ಬರೆಯುವವರಿಲ್ಲ.

ಈ ಮಾತು ನಮಗೂ ತಾಗುತ್ತದೆ. ಬಿಡದಿಯ ಕಾರ್ಖಾನೆಯಿಂದ 2022ರಿಂದ ಹೊರಬರುತ್ತಿರುವ ಹೈಲಕ್ಸ್ ಡಬಲ್ ಕ್ಯಾಬ್ ಒಂದೇ. ಸ್ವಂತ ಪ್ರವಾಸಕ್ಕೆಂದು ಇಲ್ಲಿನವರು ಕೊಳ್ಳುವ ಇಸುಜು ವಿ-ಕ್ರಾಸ್ ಕೂಡ ಅದೇ ಆಕಾರದ್ದು. ಬುಲ್ ಬಾರ್ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಬದಲಾವಣೆಗೆ ಬೇಲಿ ಹಾಕಿದೆ. ಇದು ಹವ್ಯಾಸಿಗಳ ಮೇಲಿನ ಹಗೆ ಎಂದು ಗೊಣಗುವವರಿದ್ದಾರೆ. ಕಾನೂನು ನೋಡುವುದು ಗಾಡಿಯ ರೂಪವನ್ನು, ಭಾರ ಕೂರುವ ಜಾಗವನ್ನು ಅದು ನೋಡುವುದಿಲ್ಲ. ಆ ಹೊಣೆ ಸಜ್ಜು ಮಾಡುವವನದು. ಸಿಕ್ಕಿರುವ ಆಕಾರವೇ ಹೀಗಿರುವಾಗ ನಮ್ಮವರು ಮೊದಲು ಮಾಡಬೇಕಾದ್ದು ಡ್ರಾಯರಿನ ಆಸೆ ಬಿಟ್ಟು ಫ್ರಿಜ್ಜನ್ನೂ ನೀರನ್ನೂ ತೊಟ್ಟಿಯ ಮುಂದಿನ ಗೋಡೆಗೆ ಬಿಗಿಯುವುದು, ಸ್ಟೆಪ್ನಿಯನ್ನು ಕಂಪನಿ ಇಟ್ಟಲ್ಲೇ ಬಿಡುವುದು, ಟೆಂಟನ್ನು ನೆಲದ ಮೇಲೆ ಹೊಡೆಯುವುದು.