‘ದಿ ಈವಿಲ್ ಡೆಡ್’: ಭಯಾನಕವೂ ಬೀಭತ್ಸವೂ

ಅಮೆರಿಕದ ಸ್ಯಾಮ್ ರೈಮಿಯು ಇಪ್ಪತ್ತರ ಹರೆಯದಲ್ಲಿ ಕೈಗೊಂಡು 1981ರಲ್ಲಿ ತೆರೆಗೆ ತಂದ ಈ ಚಲಚ್ಚಿತ್ರವು ಅಲ್ಪಧನದಿಂದ ಸಿದ್ಧವಾದುದು. ಟೆನೆಸಿ ಸಂಸ್ಥಾನದ ಮಾರಿಸ್‌ಟೌನ್ ಬಳಿಯ ಪಾಳುಮನೆಯೊಂದರಲ್ಲಿ, 16 ಮಿಲಿಮೀಟರಿನ ಫಿಲ್ಮಿನ ಮೇಲೆ ಇದರ ಚಿತ್ರಣ ನಡೆಯಿತು. ಕಥೆ ಸರಳವಾದುದು: ಐವರು ತರುಣ ತರುಣಿಯರು ಕಾಡಿನ ಮನೆಯಲ್ಲಿ ತಂಗುವರು, ಧ್ವನಿಮುದ್ರಣಯಂತ್ರದಿಂದ ಹೊರಟ ಮಂತ್ರವು ಪಿಶಾಚಗಳನ್ನು ಎಚ್ಚರಿಸುವುದು.

ಕೊರತೆಯನ್ನೇ ಸಾಧನವಾಗಿ ಮಾಡಿಕೊಂಡುದು ಇದರ ಮುಖ್ಯ ಗುಣ. ಕಾಡಿನ ಪಿಶಾಚಕ್ಕೆ ರೂಪವೇ ಇಲ್ಲ. ಹಲಗೆಗೆ ಬಿಗಿದ ಕ್ಯಾಮೆರಾವನ್ನು ಇಬ್ಬರು ನೆಲದ ಸಮೀಪದಲ್ಲಿ ಹಿಡಿದು ಓಡಿದಾಗ ದೊರೆತ ನೋಟವೇ ಅದರ ದೃಷ್ಟಿ. ಪ್ರೇಕ್ಷಕನು ಭಯದ ವಸ್ತುವನ್ನು ಕಾಣದೆ, ಅದರ ಕಣ್ಣಿನಿಂದಲೇ ಅದರ ಬೇಟೆಯನ್ನು ಕಾಣುವನು. ಜಗಲಿಯ ಉಯ್ಯಾಲೆಯು ಗೋಡೆಗೆ ಬಡಿಯುತ್ತಿದ್ದು ಥಟ್ಟನೆ ನಿಲ್ಲುವುದು; ಆ ಮೌನವೇ ನಡುಕ ಹುಟ್ಟಿಸುವುದು. ಆಲಂಬನವು ಮರೆಯಾಗಿದ್ದರೂ ಉದ್ದೀಪನಬಲದಿಂದಲೇ ಭಯಾನಕರಸವು ಪುಷ್ಟವಾಗುವ ಬಗೆ ಇದು.

ಉತ್ತರಾರ್ಧದಲ್ಲಿ ಈ ಸಂಯಮ ಉಳಿದಿಲ್ಲ. ರಕ್ತಪ್ರವಾಹ, ಅಂಗಚ್ಛೇದಗಳ ಪುನರಾವೃತ್ತಿಯಿಂದ ಭಯವು ಜುಗುಪ್ಸೆಗೆ ಎಡೆಗೊಟ್ಟು, ಜುಗುಪ್ಸೆಯೂ ಕ್ರಮೇಣ ನಗೆಗೆ ಇಳಿಯುತ್ತದೆ. 1987ರ ಎರಡನೆಯ ಭಾಗವು ಆ ನಗೆಯನ್ನು ಬುದ್ಧಿಪೂರ್ವಕವಾಗಿ ಬೆಳೆಸಿತು. ಇಲ್ಲಿ ಅದು ಬಹುಮಟ್ಟಿಗೆ ಅನುದ್ದಿಷ್ಟವೆಂದೇ ತೋರುವುದು. ಬ್ರೂಸ್ ಕ್ಯಾಂಪ್‌ಬೆಲ್ಲನ ಆಶ್ ಒಬ್ಬನ ಹೊರತು ಉಳಿದವರಿಗೆ ವ್ಯಕ್ತಿತ್ವವಿಲ್ಲ. ಆದುದರಿಂದ ಅವರ ಅಳಿವು ಬೆಚ್ಚಿಸುವುದೇ ಹೊರತು ಕರುಣೆಯನ್ನು ಹುಟ್ಟಿಸದು. ಮರಗಳು ತರುಣಿಯ ಮೇಲೆ ಅತ್ಯಾಚಾರವೆಸಗುವ ದೃಶ್ಯವಂತೂ ಔಚಿತ್ಯವನ್ನು ಮೀರಿದುದು. ನಿರ್ದೇಶಕನೇ ಅನಂತರ ಅದಕ್ಕಾಗಿ ವಿಷಾದಿಸಿರುವನು.

ಹಣವಿಲ್ಲದುದರಿಂದ ಈ ಕೃತಿ ಸೊರಗಲಿಲ್ಲ. ಮರೆಸಿದಷ್ಟು ಕಾಲ ಗೆದ್ದಿತು. ಎಲ್ಲವನ್ನೂ ತೋರಹೊರಟಲ್ಲಿ ಸೋತಿತು.