ಲೆನ್ಸ್‌ ನೋಡಿದ ಕಣ್ಣುಗಳು

ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಎಂದೊಡನೆ ಫಿಲ್ಮ್ ಸೊಸೈಟಿಯ ಹಳಬರು ನೆನೆಯುವುದು ‘ಎಲಿವೇಟರ್ ಟು ದಿ ಗ್ಯಾಲೋಸ್’ ಚಿತ್ರವನ್ನು. ಇರುಳಿನ ಪ್ಯಾರಿಸ್ ಬೀದಿ, ಅಂಗಡಿಗಳ ಗಾಜಿನಿಂದ ಬೀಳುವ ಬೆಳಕನ್ನೇ ನಂಬಿ ಛಾಯಾಗ್ರಾಹಕ ಆನ್ರಿ ದೆಕಾ ಸೆರೆಹಿಡಿದ ಜೀನ್ ಮೊರೋಳ ಮುಖ, ಹಿಂದಿನಿಂದ ಮೈಲ್ಸ್ ಡೇವಿಸ್‌ನ ಟ್ರಂಪೆಟ್. ಆ ಕ್ರೈಂ ಥ್ರಿಲ್ಲರ್ 1958ರಲ್ಲಿ ತೆರೆಗೆ ಬಂದಾಗ ಮಾಲ್‌ಗೆ ಇಪ್ಪತ್ತೈದು ವರ್ಷ. ಆಮೇಲೆ ‘ಝಾಜಿ’ಯಂಥ ತುಂಟ ಹಾಸ್ಯ, ಬ್ರಿಜಿತ್ ಬಾರ್ದೋ ಮತ್ತು ಮೊರೋರನ್ನು ಮೆಕ್ಸಿಕೊದಲ್ಲಿ ಕುದುರೆ, ಬಂದೂಕುಗಳ ನಡುವೆ ನಿಲ್ಲಿಸಿದ ‘ವಿವಾ ಮರಿಯಾ’, ಬೆಲ್ಮಾಂಡೊ ಕಳ್ಳನಾದ ‘ದ ಥೀಫ್’. ಯಾವ ಜಾತಿಯ ಸಿನಿಮಾ ಕೊಟ್ಟರೂ ಅವನಿಗೆ ಒಲಿಯುತ್ತಿತ್ತು. ಅಂಥವನು ತನ್ನ ಮೂವತ್ತೈದರಲ್ಲಿ ಚಿತ್ರಕಥೆ, ತಾರೆಯರು, ಸ್ಟುಡಿಯೊ ಎಲ್ಲವನ್ನೂ ಬಿಟ್ಟು ಸಾಕ್ಷ್ಯಚಿತ್ರಕ್ಕೆ ಬಂದ. ಅವನ ಬಾಳಿನ ಅತಿ ಮುಖ್ಯ ತಿರುವು ಇದೇ ಎಂದು ನನ್ನ ನಂಬಿಕೆ.

ಸಾಕ್ಷ್ಯಚಿತ್ರ ಅವನಿಗೆ ಹೊಸತಲ್ಲ. ಕಡಲ ಆಳವನ್ನು ತೋರಿಸಿದ ‘ದ ಸೈಲೆಂಟ್ ವರ್ಲ್ಡ್’ ಚಿತ್ರವನ್ನು ಜಾಕ್ ಕೂಸ್ತೋ ಜೊತೆ ನಿರ್ದೇಶಿಸಿದ್ದ. ಅದಕ್ಕೆ 1956ರಲ್ಲಿ ಕಾನ್ ಉತ್ಸವದ ಪರಮೋಚ್ಚ ಪ್ರಶಸ್ತಿ ಬಂದಿತ್ತು. ಆದರೆ ಅದು ಯೋಜಿಸಿ ಮಾಡಿದ ಕೆಲಸ. 1968ರ ಜನವರಿಯಲ್ಲಿ ಅವನು ಭಾರತಕ್ಕೆ ಬಂದದ್ದು ಯೋಜನೆಯನ್ನೇ ಕೈಬಿಟ್ಟು. ಜೊತೆಗಿದ್ದವರು ಇಬ್ಬರೇ: ಕ್ಯಾಮೆರಾಕ್ಕೆ ಎಟಿಯೆನ್ ಬೆಕರ್, ಧ್ವನಿಗೆ ಜಾನ್-ಕ್ಲೋದ್ ಲೋರೊ. ಕೈಯಲ್ಲಿ 16 ಎಂಎಂ ಸಲಕರಣೆ. ಕಂಡದ್ದನ್ನು ಮೊದಲು ಚಿತ್ರಿಸುವುದು, ಅದೇನೆಂದು ಆಮೇಲೆ ಯೋಚಿಸುವುದು. ಸುಮಾರು ನಾಲ್ಕು ತಿಂಗಳು ಹೀಗೇ ಅಲೆದರು. ಆ ರೀಲುಗಳಿಂದ ಹುಟ್ಟಿದ್ದು ‘ಕಲ್ಕತ್ತಾ’ ಮತ್ತು ಏಳು ಕಂತುಗಳ, ಆರು ಗಂಟೆಗೂ ಮೀರಿದ ‘ಫ್ಯಾಂಟಮ್ ಇಂಡಿಯಾ’.

ಏಳರಲ್ಲಿ ಮೊದಲ ಕಂತನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಕಥಾಚಿತ್ರದಲ್ಲಿ ನಟನೊಬ್ಬ ತಪ್ಪಿ ಲೆನ್ಸ್ ಕಡೆ ನೋಡಿದರೆ ಆ ಶಾಟ್ ಕೆಟ್ಟಂತೆ, ಇನ್ನೊಂದು ಟೇಕ್ ಆಗಲೇಬೇಕು. ಮಾಲ್ ಇಲ್ಲಿ ಆ ನೋಟಗಳನ್ನೇ ಉಳಿಸಿಕೊಂಡ. ಹೊಲದಲ್ಲಿದ್ದವರು, ದಾರಿಹೋಕರು, ಮಕ್ಕಳು ನೇರವಾಗಿ ನೋಡುತ್ತಾರೆ. ನೀವು ಯಾರು, ಇಲ್ಲೇಕೆ ಬಂದಿರಿ ಎಂದು ಕೇಳುವಂತೆ. ಆ ಪ್ರಶ್ನೆಯಿಂದ ಅವನು ನುಣುಚಿಕೊಳ್ಳುವುದಿಲ್ಲ. ಸತ್ತ ಎಮ್ಮೆಯನ್ನು ರಣಹದ್ದುಗಳು ಹರಿದು ತಿನ್ನುವುದನ್ನು ದೀರ್ಘವಾಗಿ ತೋರಿಸಿ, ಪರದೇಶದವನ ಕಣ್ಣಿಗೆ ಘೋರ ನಾಟಕವಾಗಿ ಕಂಡದ್ದು ಇಲ್ಲಿಯವರಿಗೆ ದಿನನಿತ್ಯದ ಸಂಗತಿ ಎಂದು ತಾನೇ ಗಮನಿಸುತ್ತಾನೆ. ಥ್ರಿಲ್ಲರ್ ಕಟ್ಟಿ ಪಳಗಿದವನಿಗೆ ಆ ದೃಶ್ಯವನ್ನು ಬೆಚ್ಚಿಬೀಳಿಸುವಂತೆ ಕತ್ತರಿಸುವುದು ಎಷ್ಟರ ಕೆಲಸ? ಅವನು ಹಾಗೆ ಮಾಡಲಿಲ್ಲ. ಈ ಸಂಯಮ ನನಗೆ ಬಲು ದೊಡ್ಡದು.

ಆದರೆ ಅವನ ಮಾತು ಹೆಚ್ಚಾಯಿತು. ಇಲ್ಲಿನ ನುಡಿ ತಿಳಿಯದ ಮಾಲ್ ತಾನೇ ನಿರೂಪಕ. ಒಡಿಶಾದ ಬೊಂಡೊ ಜನರ ಬಗ್ಗೆಯಾಗಲಿ, ಹಳ್ಳಿಗರ ಬಗ್ಗೆಯಾಗಲಿ ನಾವು ಹೆಚ್ಚಾಗಿ ಕೇಳುವುದು ಅವನ ಫ್ರೆಂಚ್ ಚಿಂತನೆಯನ್ನೇ. ಆ ಜನ ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಿದ್ದರೋ ಎಂಬ ಹಸಿವು ಉಳಿದೇಬಿಡುತ್ತದೆ. ‘ಕಲ್ಕತ್ತಾ’ ಚಿತ್ರದಲ್ಲಿ ಅವನು ಕಡಿಮೆ ಮಾತನಾಡುತ್ತಾನೆ, ಬೀದಿ ತಾನೇ ಗದ್ದಲ ಮಾಡುತ್ತದೆ. ಹಾಗಾಗಿ ಎರಡರಲ್ಲಿ ಅದೇ ಗಟ್ಟಿ.

1970ರಲ್ಲಿ ಬಿಬಿಸಿ ಈ ಸರಣಿಯನ್ನು ಪ್ರಸಾರ ಮಾಡಿದಾಗ ಭಾರತ ಸರ್ಕಾರ ಕೆರಳಿತು. ನಿಲ್ಲಿಸಿ ಎಂದರೆ ಬಿಬಿಸಿ ಒಪ್ಪಲಿಲ್ಲ. ಕೊನೆಗೆ ಅದರ ದೆಹಲಿ ಕಚೇರಿಯನ್ನೇ ಮುಚ್ಚಬೇಕಾಯಿತು. ಬಡತನ ತೋರಿಸಿದ ಎಂಬ ಸಿಟ್ಟು ನನಗೆ ಒಪ್ಪಿಗೆಯಿಲ್ಲ. ಬಡತನ ಇದ್ದದ್ದೇ. ಅವನ ಜೊತೆ ಜಗಳವಾಡಬೇಕಾದದ್ದು ಬಡವರ ಪರವಾಗಿ ತಾನೇ ಮಾತನಾಡಿದ್ದಕ್ಕೆ.

ಆ ಪಾಠವನ್ನು ಅವನು ಬೇಗ ಕಲಿತ ಎನ್ನಲು ಮುಂದಿನ ಚಿತ್ರಗಳೇ ಸಾಕ್ಷಿ. ರೆನ್‌ನ ಸಿಟ್ರೊಯೆನ್ ಕಾರ್ಖಾನೆಯ ಮೇಲೆ ಮಾಡಿದ ‘ಹ್ಯೂಮನ್, ಟೂ ಹ್ಯೂಮನ್’ ಚಿತ್ರದಲ್ಲಿ ನಿರೂಪಣೆಯೇ ಇಲ್ಲ. ಯಂತ್ರಗಳ ಸದ್ದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕೈಗಳು. ಇದರ ನಂತರವೇ 1974ರಲ್ಲಿ ‘ಲಕೋಂಬ್, ಲೂಸಿಯಾ’ ಬಂತು. ನಾಜಿಗಳ ಜೊತೆ ಸೇರಿಕೊಳ್ಳುವ ಹಳ್ಳಿ ಹುಡುಗನ ಪಾತ್ರಕ್ಕೆ ಮಾಲ್ ಆರಿಸಿದ್ದು ಹಿಂದೆಂದೂ ನಟಿಸದ, ಮರ ಕಡಿಯುವ ಪಿಯೆರ್ ಬ್ಲೇಸ್‌ನನ್ನು. ಹುಡುಗ ಏಕೆ ಹಾಗೆ ಮಾಡಿದ ಎಂದು ಚಿತ್ರ ಎಲ್ಲೂ ವಿವರಿಸುವುದಿಲ್ಲ. ಅವನು ಕೋಳಿಯನ್ನು ಕೊಲ್ಲುವುದನ್ನೂ ಪ್ರೀತಿಸುವುದನ್ನೂ ಒಂದೇ ದೂರದಿಂದ ನೋಡುತ್ತದೆ. ಚಿತ್ರದ ಸಂಕಲನ ಸುಜಾನ್ ಬಾರೋಂ, ಧ್ವನಿ ಲೋರೊ. ಇಬ್ಬರೂ ಭಾರತದ ಚಿತ್ರಗಳಲ್ಲಿ ದುಡಿದವರು. ‘ಎಲಿವೇಟರ್’ ಮಾಡಿದ ಮಾಲ್‌ನಾಗಿದ್ದರೆ ಈ ಹುಡುಗನ ಅಪರಾಧಕ್ಕೊಂದು ಕಾರಣ ಹೊಂದಿಸದೆ ಬಿಡುತ್ತಿರಲಿಲ್ಲ.

ಕಥೆಗೆ ಮರಳಿದ ಮೇಲೂ ಅವನು ಸಾಕ್ಷ್ಯಚಿತ್ರ ಬಿಡಲಿಲ್ಲ. 1979ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಗ್ಲೆಂಕೊ ಎಂಬ ರೈತರ ಊರನ್ನು ಚಿತ್ರಿಸಿ, 1985ರಲ್ಲಿ ಅದೇ ಊರಿಗೆ ಮತ್ತೆ ಹೋದ. ಅಷ್ಟರಲ್ಲಿ ಸಾಲ ಏರಿತ್ತು, ಬೇಸಾಯ ಕುಸಿದಿತ್ತು. ಎರಡನ್ನೂ ಸೇರಿಸಿದ ‘ಗಾಡ್ಸ್ ಕಂಟ್ರಿ’ಯಲ್ಲಿ ಮಾಲ್ ಕೇಳುತ್ತಾನೆ, ಜನ ತಮ್ಮ ಬಾಯಿಂದಲೇ ಉತ್ತರಿಸುತ್ತಾರೆ. ಮಾಲ್‌ನನ್ನು ಹೊಸದಾಗಿ ನೋಡುವವರು ಇದರಿಂದ ಶುರುಮಾಡಲಿ, ಆಮೇಲೆ ‘ಕಲ್ಕತ್ತಾ’ ನೋಡಲಿ. ‘ಫ್ಯಾಂಟಮ್ ಇಂಡಿಯಾ’ವನ್ನು ಒಂದೇ ಸಲ ಕೂತು ಮುಗಿಸದೆ ದಿನಕ್ಕೊಂದು ಕಂತಿನಂತೆ ನೋಡಿ.