ಡಿಜಿಟಲ್ ಸ್ವಚಿತ್ರದ ಪ್ರಾಮಾಣ್ಯ: ಒಂದು ಕೃತಿಯ ವಿಮರ್ಶೆ

ಮನುಷ್ಯನು ತನ್ನ ಚಿತ್ರವನ್ನು ತಾನೇ ತೆಗೆದುಕೊಂಡಾಗ ಆ ಚಿತ್ರವು ಅವನ ವಿಷಯದಲ್ಲಿ ಎಷ್ಟರಮಟ್ಟಿಗೆ ಸಾಕ್ಷ್ಯವಾಗಬಲ್ಲುದು? ಮೊಬೈಲ್ ಫೋನಿನಲ್ಲಿ ತೆಗೆದು ಇನ್‌ಸ್ಟಾಗ್ರಾಮಿನಂಥ ಜಾಲತಾಣಗಳಲ್ಲಿ ದಿನದಿನವೂ ಪ್ರಕಟಿಸುವ ಸ್ವಚಿತ್ರಗಳನ್ನು ನಾವು ಸಾಮಾನ್ಯವಾಗಿ ದಿನಚರಿಯ ಪುಟಗಳಂತೆ ಓದುತ್ತೇವೆ. ತಾರೀಖು ಇದೆ, ಮುಖವಿದೆ, ಹೆಸರಿದೆ. ಇನ್ನೇನು ಬೇಕು ಎಂಬುದು ನಮ್ಮ ಭಾವನೆ. ಈ ಓದಿನ ಕ್ರಮವನ್ನೇ ಪರೀಕ್ಷೆಗೆ ಒಡ್ಡಿದುದು ಅಮಾಲಿಯಾ ಉಲ್ಮನ್ ಅವರ ‘ಎಕ್ಸಲೆನ್ಸಸ್ ಅಂಡ್ ಪರ್ಫೆಕ್ಷನ್ಸ್’ ಎಂಬ ಕೃತಿ.

ಅರ್ಜೆಂಟೀನದಲ್ಲಿ ಹುಟ್ಟಿ ಸ್ಪೇನಿನಲ್ಲಿ ಬೆಳೆದ ಈ ಕಲಾವಿದೆ 2014ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ, ತಮ್ಮ ಹೆಸರಿನ ಖಾತೆಯಲ್ಲಿಯೇ, ತಾವಲ್ಲದ ಒಬ್ಬ ಯುವತಿಯ ಬಾಳನ್ನು ಸ್ವಚಿತ್ರಗಳ ಮೂಲಕ ಕಟ್ಟುತ್ತ ಹೋದರು. ಮೊದಲ ಭಾಗದಲ್ಲಿ ದೊಡ್ಡ ನಗರಕ್ಕೆ ಬಂದ ಮುಗ್ಧೆ. ಎರಡನೆಯದರಲ್ಲಿ ಪ್ರಿಯಕರನನ್ನು ಅಗಲಿ, ಹಣವಂತರ ಆಶ್ರಯದಲ್ಲಿ ಮೆರೆದು, ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕೊನೆಗೆ ಕುಸಿದುಬೀಳುವ ಹೆಣ್ಣು. ಮೂರನೆಯದರಲ್ಲಿ ಎಲ್ಲರ ಕ್ಷಮೆ ಬೇಡಿ, ಯೋಗ ಮತ್ತು ಪಥ್ಯದ ಆಹಾರಗಳಿಂದ ಚೇತರಿಸಿಕೊಂಡವಳು. ಶಸ್ತ್ರಚಿಕಿತ್ಸೆ ನಡೆದೇ ಇರಲಿಲ್ಲ. ಆದರೂ ನೋಡುಗರು ಮರುಗಿದರು, ಬೈದರು, ಬುದ್ಧಿವಾದ ಹೇಳಿದರು. ಇದೆಲ್ಲ ನಟನೆಯೆಂಬುದು ಬಹಿರಂಗವಾದುದು ಅನಂತರವೇ.

ಇಲ್ಲಿ ಇತಿಹಾಸದ ವಿದ್ಯಾರ್ಥಿಯು ಗಮನಿಸತಕ್ಕ ಅಂಶವೊಂದಿದೆ. ಏಪ್ರಿಲ್ 19ರಂದು ಹಾಕಿದ ಮೊದಲ ಚಿತ್ರದಲ್ಲಿ ಮುಖವೇ ಇಲ್ಲ. ‘ಭಾಗ ಒಂದು’ ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳು ಮಾತ್ರ ಇವೆ. ಅದರ ಅಡಿಯಲ್ಲಿ ಕೃತಿಯ ಹೆಸರು. ಎಂದರೆ, ಮುಂದೆ ಬರುವುದು ರಚಿತವಾದ ಕಥೆಯೆಂಬ ಸೂಚನೆಯನ್ನು ಕರ್ತೃವು ಬಾಗಿಲಲ್ಲಿಯೇ ಬರೆದಿಟ್ಟಿದ್ದರು! ನೋಡುಗರು ಅದನ್ನು ದಾಟಿ ಒಳಹೊಕ್ಕರು. ಮುಖವು ಎದುರಿಗಿದ್ದಾಗ ಬರಹವನ್ನು ಓದುವ ತಾಳ್ಮೆ ನಮಗೆ ಇರುವುದಿಲ್ಲವೆಂದು ತೋರುತ್ತದೆ.

ಇದು ಡಿಜಿಟಲ್ ಯುಗದ ಹೊಸ ರೋಗವೆಂದು ಹೇಳುವವರಿದ್ದಾರೆ. ಆ ಮಾತು ನಿಲ್ಲಲಾರದು. ಛಾಯಾಚಿತ್ರಣದ ಆದ್ಯರಲ್ಲಿ ಒಬ್ಬನಾದ ಫ್ರಾನ್ಸಿನ ಇಪೊಲಿತ್ ಬಯಾರ್ 1840ರಲ್ಲಿಯೇ ತನ್ನನ್ನು ನೀರಿನಲ್ಲಿ ಮುಳುಗಿ ಸತ್ತವನಂತೆ ಚಿತ್ರಿಸಿಕೊಂಡನು. ಸರಕಾರವು ದಗೇರನಿಗೆ ಎಲ್ಲವನ್ನೂ ಕೊಟ್ಟು ತನ್ನನ್ನು ಕಡೆಗಣಿಸಿತೆಂಬ ಅಳಲನ್ನು ಚಿತ್ರದ ಹಿಂಬದಿಯಲ್ಲಿ ಬರೆದನು. ಸಾವು ಸುಳ್ಳು, ಅಳಲು ನಿಜ. ಸ್ವಚಿತ್ರವು ಹುಟ್ಟಿದ ಹೊಸತರಲ್ಲಿಯೇ ವೇಷದ ಮೂಲಕ ತನ್ನ ಸತ್ಯವನ್ನು ಹೇಳಲು ಕಲಿತಿತ್ತು.

ಹಾಗಾದರೆ ಉಲ್ಮನ್ ಅವರ ವೇಷದ ಹಿಂದೆ ಇರುವ ಅಳಲು ಯಾವುದು? ಬಯಾರನದು ತನ್ನ ಸ್ವಂತದ್ದು. ಇಲ್ಲಿಯಾದರೋ ಒಬ್ಬ ವ್ಯಕ್ತಿಯ ಬದಲು ಒಂದು ಅಚ್ಚು ಕಾಣುತ್ತದೆ: ಕನ್ನಡಿಯ ಮುಂದಿನ ನಿಲುವು, ಹೋಟೆಲಿನ ಹಾಸಿಗೆ, ತಟ್ಟೆಯಲ್ಲಿಟ್ಟ ತಿಂಡಿ. ಆಗ ಇನ್‌ಸ್ಟಾಗ್ರಾಮಿನ ಚಿತ್ರಗಳೆಲ್ಲ ಚೌಕಾಕಾರವಾಗಿಯೇ ಇರಬೇಕಾಗಿತ್ತು. ಆ ಚೌಕದೊಳಗೆ ಹಿಡಿಸುವಷ್ಟೇ ವ್ಯಕ್ತಿತ್ವ. ನಾನು ಇಂಥವಳು ಎಂದು ಹೇಳಲು ದೊರೆಯುವ ಮಾತುಗಳೆಲ್ಲ ಪರರಿಂದ ಕಡತಂದವು ಎಂಬುದನ್ನು ಕೃತಿಯು ಬಲವಾಗಿ ತೋರಿಸುತ್ತದೆ. ಆದರೆ ಅದೇ ಮಾತುಗಳನ್ನು ನಿಜವಾದ ದುಃಖಕ್ಕಾಗಿ ಬಳಸುವ ಹುಡುಗಿಯರೂ ಇದ್ದಾರೆ. ಅವರ ಚಿತ್ರಗಳ ಮೇಲೆಯೂ ಈ ಕೃತಿಯು ಸಂದೇಹದ ನೆರಳನ್ನು ಚೆಲ್ಲುತ್ತದೆ. ಅವರಿಗೆ ಅದು ಏನನ್ನೂ ಮರಳಿ ಕೊಡುವುದಿಲ್ಲ. ಇದನ್ನು ನಾವು ಕೃತಿಯ ದೋಷವೆಂದೇ ಎಣಿಸುತ್ತೇವೆ.

ಈ ದೋಷವಿಲ್ಲದ ದಾರಿಯೊಂದನ್ನು ಅದಕ್ಕೂ ಮೊದಲೇ ಬೆಂಗಳೂರಿನ ಪುಷ್ಪಮಾಲಾ ಎನ್. ಅವರು, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ, ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯ’ (2000–2004) ಎಂಬ ಚಿತ್ರಮಾಲೆಯಲ್ಲಿ ತುಳಿದಿದ್ದರು. ರವಿವರ್ಮನ ಬೆಳದಿಂಗಳ ಸ್ತ್ರೀಯಾಗಿ, ಅಳತೆಯ ಚೌಕಗಳ ಮುಂದೆ ನಿಲ್ಲಿಸಲ್ಪಟ್ಟ ‘ಬುಡಕಟ್ಟಿನ ಹೆಣ್ಣಾ’ಗಿ ಅವರು ವೇಷ ಧರಿಸಿದರು. ಅಲ್ಲಿ ವೇಷವು ವೇಷವೆಂದೇ ತಿಳಿಯುತ್ತದೆ. ನಗೆಯು ಹೆಂಗಸಿನ ಮೇಲೆ ಬೀಳದೆ, ಅವಳನ್ನು ಹಾಗೆ ನಿಲ್ಲಿಸಿದವರ ಮೇಲೆ ಬೀಳುತ್ತದೆ. ಕ್ಯಾಮೆರಾ ಯಾವ ಬಗೆಯದು ಎಂಬುದಕ್ಕಿಂತ ಈ ವ್ಯತ್ಯಾಸವೇ ನಮಗೆ ಮುಖ್ಯವಾಗಿ ಕಂಡಿದೆ.

ಇಷ್ಟಾದರೂ ಆಕರವಾಗಿ ಉಲ್ಮನ್ ಅವರ ಕೃತಿಯ ಬೆಲೆ ಕಡಮೆಯದಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದ್ದುಂಟು. ಆದರೆ ಕೂಟಶಾಸನವೂ ತಾನು ರಚಿತವಾದ ಕಾಲಕ್ಕೆ ಪ್ರಾಮಾಣಿಕವಾದ ಸಾಕ್ಷಿಯೇ: ಆ ಕಾಲದ ಜನರು ಯಾವುದನ್ನು ನಂಬುತ್ತಿದ್ದರು, ದಾನಪತ್ರವು ಹೇಗಿದ್ದರೆ ಒಪ್ಪುತ್ತಿದ್ದರು ಎಂಬುದನ್ನು ಅದು ಹೇಳುತ್ತದೆ. ಉಲ್ಮನ್ ಅವರ ಖಾತೆಯನ್ನೂ ಹೀಗೆಯೇ ಓದಬಹುದು. ಅಲ್ಲಿ ಅವರ ಚಿತ್ರಗಳಷ್ಟೇ ನೋಡುಗರ ಉತ್ತರಗಳೂ ಆಕರ.

ಈ ಕೃತಿಯಿಂದಾಯ್ದ ಚಿತ್ರಗಳು 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಪ್ರದರ್ಶನವನ್ನು ಸೇರಿದವು. ಸಂಗ್ರಹಾಲಯಕ್ಕೆ ಬಂದವನು ಕಲಾಕೃತಿಯೆಂದು ತಿಳಿದೇ ನೋಡುವನಾದುದರಿಂದ ಅವನು ಮೋಸಹೋಗುವ ಸಂಭವವಿಲ್ಲ. ಕೃತಿಯ ಅರ್ಧಭಾಗ ಅಲ್ಲಿ ಲುಪ್ತವಾಗಿದೆ. ನ್ಯೂಯಾರ್ಕಿನ ರೈಜೋಮ್ ಸಂಸ್ಥೆಯು 2014ರಲ್ಲಿಯೇ ನೋಡುಗರ ಮಾತುಗಳ ಸಹಿತ ಖಾತೆಯನ್ನು ಪ್ರತಿಮಾಡಿ ರಕ್ಷಿಸಿದುದು ಹೆಚ್ಚು ಉಪಕಾರದ ಕೆಲಸ. ನೋಡಬಯಸುವ ವಿದ್ಯಾರ್ಥಿಗಳು ಏಪ್ರಿಲಿನ ಆ ಮುಖವಿಲ್ಲದ ಚಿತ್ರದಿಂದ ತೊಡಗಿ ಕಾಲಕ್ರಮದಲ್ಲಿ ಓದುತ್ತ ಬರುವುದು ಯುಕ್ತ. ಖಾತೆಯು ತಾನಾಗಿ ಕೊನೆಯದನ್ನೇ ಮೊದಲು ತೋರಿಸುತ್ತದೆ.